ಮೇಡಂ ಪಾಲಿನ ಗೆಂಡೆ

ರಾಯಚೂರು
8 ಅಕ್ಟೋಬರ್ 2024

ಗೋಪಮ್ಮನವರಿಗೆ ನಮಸ್ಕಾರ.

ಮೊನ್ನೆ ಭಾನುವಾರ ಜಾಲಹಳ್ಳಿಯ ಆಚೆ ಕೃಷ್ಣೆಯ ದಂಡೆಯಲ್ಲಿ, ನಿಮ್ಮ ಹರಿಗೋಲಿನ ಪಕ್ಕ ಕೂತು ಎರಡು ತಾಸು ನಿಮ್ಮ ತಲೆ ತಿಂದ ಅನುರಾಧಾ ನಾನು. ರಾಯಚೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ವಿಶ್ವವಿದ್ಯಾಲಯದ ಯರಗೇರಾ ಕ್ಯಾಂಪಸ್ಸಿನಲ್ಲಿ ಪಿಎಚ್.ಡಿ.ಗೆ ಹೆಸರು ಹಚ್ಚಿದ್ದೇನೆ. ಈ ವಯಸ್ಸಿನಲ್ಲಿ ಇನ್ನೂ ಏನು ಓದು ಎಂದು ನೀವು ಕೇಳಲಿಲ್ಲ. ಅದಕ್ಕೇ ಬರೆಯುವ ಧೈರ್ಯ ಬಂತು.

ನಿಮ್ಮ ಕಡೆ ಫೋನಿನಲ್ಲಿ ಮಾತು ಅರ್ಧಕ್ಕೇ ಕಡಿದುಹೋಗುತ್ತದೆ. ಅಲ್ಲದೆ ಮೀನಿನ ಪ್ರತಿ ಪೆಟ್ಟಿಗೆಯ ಜೊತೆ, ಯಾವಾಗ ಹಿಡಿದದ್ದೆಂದು ತಿಳಿಸುವ ಕೈಬರಹದ ಚೀಟಿ ಇರಬೇಕೆಂಬುದು ನನ್ನ ಕೆಲಸದ ನಿಯಮ. ಮೀನುಗಾರರ ಸಂಘದ ಹಾಜರಿ ಪುಸ್ತಕವನ್ನು ಹದಿನಾರು ವರ್ಷ ನೀವೇ ಬರೆದಿದ್ದೀರಿ ಎಂದು ತಿಳಿದಾಗ ಸಮಾಧಾನವಾಯಿತು. ನನ್ನ ಕನ್ನಡ ಬರವಣಿಗೆ ಅಷ್ಟು ಚೆನ್ನಾಗಿಲ್ಲ, ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಬೇಕಾಗಿರುವುದು ಇಷ್ಟೆ. ಎರಡು ವಾರಕ್ಕೊಮ್ಮೆ ಹತ್ತು ಗೆಂಡೆ ಮೀನು, ಒಟ್ಟು ನಲವತ್ತು ಆಗುವವರೆಗೆ. ಬಲೆಗೆ ಬಿದ್ದವುಗಳಲ್ಲಿ ಮೊದಲು ಕೈಗೆ ಬಂದ ಹತ್ತು. ಈ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಐಸ್ ಹಾಕಿ, ರಾಯಚೂರು ಬಸ್ಸಿನ ಕಂಡಕ್ಟರ್ ಸಾಬಣ್ಣನ ಕೈಯಲ್ಲಿ ಕೊಟ್ಟರೆ ಸಂಜೆಗೆ ನನಗೆ ಮುಟ್ಟುತ್ತದೆ. ಖಾಲಿ ಪೆಟ್ಟಿಗೆಯಲ್ಲಿ ನನ್ನ ಉತ್ತರ ಬರುತ್ತದೆ. ಇದೇ ಮೀನನ್ನು ಮಾನ್ವಿಯ ಮೀನು ವ್ಯಾಪಾರಿ ಮೀರಾಹುಸೇನ ಎಂಬುವರು ತುಂಗಭದ್ರೆಯಿಂದ ತರಿಸಿ ಕೊಡುತ್ತಾರೆ. ಎರಡು ಹೊಳೆಯ ಒಂದೇ ಜಾತಿಯ ಮೀನಿನ ಮೈಕಟ್ಟಿನಲ್ಲಿ ವ್ಯತ್ಯಾಸ ಇದೆಯೇ, ಇದ್ದರೆ ಅದು ವಂಶದಿಂದ ಬಂದದ್ದೇ, ನೀರಿನಿಂದ ಬಂದದ್ದೇ ಎಂದು ನೋಡುವುದು ನನ್ನ ಕೆಲಸ.

ಮೀನಿನ ಬೆಲೆ ಬೇಡ ಎಂದಿರಿ. ಅದು ಸರಿಯಲ್ಲ ಎಂದು ಇನ್ನೊಮ್ಮೆ ಹೇಳುತ್ತೇನೆ. ಅವಸರವೇನಿಲ್ಲ, ನಿಮಗೆ ಅನುಕೂಲವಾದಾಗ ಕಳಿಸಿ.

ವಿಶ್ವಾಸದಿಂದ,
ಅನುರಾಧಾ


ಜಾಲಹಳ್ಳಿ
20 ಅಕ್ಟೋಬರ್ 2024

ಮೇಡಂ ಅವ್ರಿಗೆ ಗೋಪಮ್ಮ ಮಾಡುವ ಶರಣು.

ಹತ್ತು ಗೆಂಡಿ ಕಳಿಸೀನಿ. ಇವತ್ತ ನಸಿಕಿನ್ಯಾಗ ಹಿಡದಿದ್ದು. ಚೀಟಿ ಬ್ಯಾರೆ ಯಾಕ, ಕಾಗದಾನ ಚೀಟಿ ಅಂತ ತಿಳ್ಕೊರಿ.

ನಿಮ್ಮ ಪೆಟ್ಟಿಗಿ ನೋಡಿ ನನ್ನ ಮೈದುನ ಹಂಪಣ್ಣ ನಕ್ಕಿದ್ದ ನಕ್ಕಿದ್ದು. “ಅತ್ತಿಗೆವ್ವ, ಮೇಡಂ ಮೀನಿಂದು ಅಳತಿ ತಗೋತಾಳಂತ, ಅಂಗಿ ಹೊಲಸ್ತಾಳೇನು?” ಅಂದ. ನಾ ಅಂದೆ, “ಹೊಲಸಲಿ, ನಿನಗಿಂತ ಮೀನಿಗೇ ಚಂದ ಕಾಣ್ತದ.” ಸಾಬಣ್ಣ ಪೆಟ್ಟಿಗಿ ಮೂಸಿ ನೋಡಿ, “ಯವ್ವಾ, ಇದಕ್ಕ ಟಿಕೀಟ ಹರೀಲೇನು?” ಅಂತಾನ. ಇಂಥಾ ಮಂದಿ ನಡುವ ನಿಮ್ಮ ವಿದ್ಯಾ ನಡೀಬೇಕು ನೋಡ್ರಿ.

ಬೆಲಿ ಮಾತು ಮತ್ತ ತೆಗೀಬ್ಯಾಡ್ರಿ. ನಾ ಹೊಳ್ಯಾಗ ಇಳಿದು ನಲವತ್ತು ವರ್ಷ ಆತು. ಇಷ್ಟು ದಿನ ನನ್ನ ಮೀನಿನ ಬಗ್ಗೆ ಯಾರು ಏನು ಕೇಳ್ಯಾರ? “ಹ್ಯಾಂಗ ಕೆಜಿ” ಅಂತ ಕೇಳ್ಯಾರ. ನೀವು ಎರಡು ತಾಸು ಕುಂತು, ಅವು ಎಲ್ಲಿ ತತ್ತಿ ಇಡತಾವ, ಎಂಥಾ ನೀರಾಗ ಬಣ್ಣ ತಿರಗತಾವ ಅಂತ ಕೇಳಿ ಬರಕೊಂಡ್ರಿ. ಆವತ್ತ ಮನಿಗೆ ಹೋಗಿ ಅಡಗಿ ಮಾಡೂದ ಮರ್ತಿದ್ದೆ.

ಬದಿಗೆ ಬಾಳಿ ಎಲ್ಯಾಗ ಸುತ್ತಿದ್ದು ಅಳತಿಗಲ್ಲ, ನಿಮ್ಮ ಹಂಚಿಗೆ. ಸಣ್ಣ ಗೆಂಡಿ ಭಾಳ ರುಚಿ. ಜ್ವಾಳದ ಹಿಟ್ಟು ಸವರಿ ಹುರೀರಿ.

ಗೋಪಮ್ಮ


ರಾಯಚೂರು
6 ನವೆಂಬರ್ 2024

ಗೋಪಮ್ಮನವರಿಗೆ,

ಎರಡು ಪೆಟ್ಟಿಗೆಯೂ ಚೆನ್ನಾಗಿ ಮುಟ್ಟಿದವು. ಬಾಳೆ ಎಲೆಯ ಮೀನಿಗೂ ಧನ್ಯವಾದ. ಹೇಳಿದ ಹಾಗೆಯೇ ಜೋಳದ ಹಿಟ್ಟು ಸವರಿ ಹುರಿದದ್ದಾಯಿತು. ಅಂಚು ಗರಿಗರಿಯಾಗಿ ಬಂದಿತ್ತು.

ಹಂಪಣ್ಣನವರಿಗೆ ಹೇಳಿ, ಅಳತೆ ಅಂಗಿಗಿಂತ ಕಷ್ಟದ್ದು. ಬಿಳಿ ತಟ್ಟೆಯ ಮೇಲೆ ಮೀನನ್ನು ಅಡ್ಡ ಮಲಗಿಸಿ, ಮೂತಿಯಿಂದ ಬಾಲದ ಬುಡದವರೆಗೆ, ಬೆನ್ನಿನಿಂದ ಹೊಟ್ಟೆಯವರೆಗೆ, ಕಣ್ಣಿನ ಅಗಲ, ಹೀಗೆ ಒಂದೊಂದಕ್ಕೆ ಹದಿನೆಂಟು ಅಳತೆ. ಆಮೇಲೆ ಪಕ್ಕದ ಗೆರೆಯ ಮೇಲಿನ ಪೊರೆಗಳನ್ನು ಒಂದೊಂದಾಗಿ ಎಣಿಸಬೇಕು. ರೆಕ್ಕೆಯ ತುದಿಯನ್ನು ಅಕ್ಕಿ ಕಾಳಿನಷ್ಟು ಕತ್ತರಿಸಿ ಸ್ಪಿರಿಟ್ಟಿನಲ್ಲಿ ಇಡುತ್ತೇನೆ. ಅದು ವಂಶವಾಹಿಗಳ ಪರೀಕ್ಷೆಗೆ ಹೊರಗಿನ ಲ್ಯಾಬಿಗೆ ಹೋಗುತ್ತದೆ.

ಈಗಲೇ ಹೇಳಬಾರದು, ಆದರೆ ಹೇಳದೆ ಇರಲಾರೆ. ನಿಮ್ಮ ಹೊಳೆಯ ಮೀನು ಮಾನ್ವಿ ಕಡೆಯ ಮೀನಿಗಿಂತ ಅಗಲ. ಉದ್ದ ಒಂದೇ ಇದ್ದರೂ ಮೈ ತುಂಬಿಕೊಂಡಿದೆ. ಇಪ್ಪತ್ತರಲ್ಲಿ ಒಂದಕ್ಕೂ ರೆಕ್ಕೆ ಹರಿದಿಲ್ಲ, ಒಂದು ಪೊರೆ ಕಿತ್ತಿಲ್ಲ. ಇಂಥ ಆರೋಗ್ಯದ ಮೀನು ನಾನು ಎಲ್ಲೂ ನೋಡಿಲ್ಲ. ಪುಸ್ತಕದಲ್ಲಿ ಹಾಗೆಯೇ ಬರೆದುಕೊಂಡಿದ್ದೇನೆ.

ನಿಮ್ಮ
ಅನುರಾಧಾ


ಜಾಲಹಳ್ಳಿ
24 ನವೆಂಬರ್ 2024

ಅನುರಾಧಾ ಮೇಡಂಗ,

ನಿಮ್ಮ ಕಾಗದ ದಂಡಿ ಮ್ಯಾಲ ಎಲ್ಲಾರಿಗೂ ಓದಿ ಹೇಳಿದೆ. ನಮ್ಮ ಹೊಳಿ ಮೀನು ಅಗಲ ಅಂತ ಸರಕಾರದ ಪುಸ್ತಕದಾಗ ಬರ್ತದ ಅಂದೆ. ಬಾಜೂ ಹರಿಗೋಲಿನ ದುರುಗಮ್ಮ, “ಹೌದು ಬಿಡು, ಹೊಳಿ ಮೀನು ಅಗಲ, ನೀ ಉದ್ದ” ಅಂದಳು. ಆಕಿ ಬಾಯಿಗೆ ಏನು ಹೇಳ್ತೀರಿ.

ಸರಕಾರದ ಪುಸ್ತಕ ಅಲ್ಲ ಅಂತ ನನಗ ಗೊತ್ತದ. ಆದ್ರ ಹಂಗ ಅಂದ್ರ ಇವ್ರು ಸುಮ್ಮ ಕೇಳ್ತಾರ.

ಮೂರನೇ ಪೆಟ್ಟಿಗಿ ಇದು. ಚಲೋ ಅದಾವ ನೋಡ್ರಿ. ಎಲ್ಯಾಗಿನವು ನಿಮಗ. ಮನ್ಯಾಗ ಯಾರ‍್ಯಾರು ಅದಾರ, ಅವ್ರಿಗೂ ಸೇರತಾವೋ ಏನೋ, ಬರದಿಲ್ಲ ನೀವು.

ಗೋಪಮ್ಮ


ರಾಯಚೂರು
22 ಡಿಸೆಂಬರ್ 2024

ಗೋಪಮ್ಮನವರಿಗೆ,

ನಲವತ್ತೂ ಆದವು. ಮನೆಯಲ್ಲಿ ನಾನು, ನನ್ನ ಯಜಮಾನರು, ಅತ್ತೆ. ಎಲ್ಲರಿಗೂ ನಿಮ್ಮ ಹೆಸರು ಬಾಯಿಪಾಠವಾಗಿದೆ.

ಲ್ಯಾಬಿನಿಂದ ಫಲಿತಾಂಶ ಬಂದಿದೆ. ಕೃಷ್ಣೆಯ ಗೆಂಡೆಗೂ ತುಂಗಭದ್ರೆಯ ಗೆಂಡೆಗೂ ವಂಶವಾಹಿಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ರಕ್ತ ಒಂದೇ, ಮೈ ಬೇರೆ. ಅಂದರೆ ಮೀನಿನ ಮೈಯನ್ನು ತಿದ್ದುತ್ತಿರುವುದು ನೀರು. ಒಂದೇ ಬಸಿರಿನ ಇಬ್ಬರನ್ನು ಎರಡು ಮನೆಯಲ್ಲಿ ಬೆಳೆಸಿದ ಹಾಗೆ. ನನ್ನ ಪ್ರಬಂಧದ ನಾಲ್ಕನೇ ಅಧ್ಯಾಯ ಪೂರ್ತಿ ಇದರ ಮೇಲೆಯೇ ನಿಂತಿದೆ, ಇಪ್ಪತ್ತೆಂಟು ಪುಟ. ಇಷ್ಟು ವರ್ಷದಲ್ಲಿ ನಾನು ಬರೆದದ್ದರಲ್ಲಿ ನನಗೇ ಇಷ್ಟವಾದದ್ದು ಇದೊಂದೇ.

ನನ್ನ ಗೈಡ್ ವಿಜಯಲಕ್ಷ್ಮಿ ಮೇಡಂ ಇನ್ನೂ ಇಪ್ಪತ್ತು ಮೀನು ಅಳೆದರೆ ಗಟ್ಟಿಯಾಗುತ್ತದೆ ಎಂದಿದ್ದಾರೆ. ಸಂಕ್ರಾಂತಿ ಕಳೆದ ಮೇಲೆ ಇಪ್ಪತ್ತು ಕಳಿಸಬಹುದೇ?

ಎಲೆಯ ಮೀನು ಪ್ರತಿ ಸಲವೂ ರುಚಿಯಾಗಿತ್ತು.

ನಿಮ್ಮ
ಅನುರಾಧಾ


ಜಾಲಹಳ್ಳಿ
19 ಜನವರಿ 2025

ಅನುರಾಧಾ ಮೇಡಂಗ,

ರಕ್ತ ಒಂದ ಅಂತ ಬರದ್ರಿ. ಆಗಲೇಬೇಕಲ್ರಿ. ಎರಡೂ ಹೊಳಿ ಮುಂದ ಹೋಗಿ ಕೂಡತಾವ. ಬೀಗರು ಇದ್ದಂಗ, ಹೋಗೋದು ಬರೋದು ಇದ್ದೇ ಇರ್ತದ.

ಇಪ್ಪತ್ತು ಕಳಿಸೀನಿ. ಆದ್ರ ಮೇಡಂ, ಈ ಸಲ ಸಿಟ್ಟಾಗಬ್ಯಾಡ್ರಿ. ನನಗ ನಾಲ್ಕು ದಿನ ಜ್ವರ. ಹಂಪಣ್ಣ ಬಲಿಗೆ ಬಿದ್ದದ್ದು ಬಿದ್ದಂಗ ಪೆಟ್ಟಿಗ್ಯಾಗ ಸುರದು ತಂದಾನ. ಮೊದಲಿನಂಗ ಚಲೋ ಚಲೋ ಆರಿಸಿ ಇಡಾಕ ನನಗ ಆಗಲಿಲ್ಲ. ಒಣಕಲು ಅದಾವ, ಒಂದೆರಡಕ್ಕ ರೆಕ್ಕಿನೂ ಹರದಾವ. ಹಿಂದ ನನ್ನ ಬಲ್ಯಾಗ ಚಲೋ ಸಿಗದಿದ್ರ ದುರುಗಮ್ಮನ ಕಡೆ ನಾಲ್ಕು ಸಣ್ಣವು ಕೊಟ್ಟು ಒಂದು ದೊಡ್ಡದು ಇಸಗೊಂಡು ಹಾಕ್ತಿದ್ದೆ. ಈ ಸಲ ಅದೂ ಆಗಲಿಲ್ಲ. ನಿಮ್ಮ ಮುಂದ ನಾಚಿಕಿ ಆಗ್ತದ.

ಮುಂದಿನ ಸಲ ಇದನ್ನ ತುಂಬಿ ಕೊಡ್ತೀನಿ.

ಗೋಪಮ್ಮ


ಜಾಲಹಳ್ಳಿ
16 ಫೆಬ್ರವರಿ 2025

ಅನುರಾಧಾ ಮೇಡಂಗ,

ಖಾಲಿ ಪೆಟ್ಟಿಗಿ ಬಂತು. ಒಳಗ ಕಾಗದ ಇರಲಿಲ್ಲ. ಸಾಬಣ್ಣನ್ನ ಕೇಳಿದೆ, “ಎಲ್ಲ್ಯರೆ ಬೀಳಿಸಿಯೇನಪ್ಪಾ” ಅಂತ. “ಇಲ್ಲ ಯವ್ವಾ, ಮೇಡಂ ಕೊಟ್ಟಂಗ ತಂದೀನಿ” ಅಂದ.

ಮೀನು ಚಲೋ ಇರಲಿಲ್ಲ ಅಂತ ಗೊತ್ತದ. ಅದಕ್ಕ ಈಗ ಹನ್ನೆರಡು ಕಳಿಸೀನಿ. ಬೆಳ್ಳಿ ತಾಟು ಇದ್ದಂಗ ಅದಾವ. ಜ್ವರ ಹೋಗ್ಯಾವ, ನನ್ನ ಕೈಲೇ ಆರಿಸೀನಿ.

ಗೋಪಮ್ಮ


ಜಾಲಹಳ್ಳಿ
2 ಮಾರ್ಚ್ 2025

ಮೇಡಂ ಅವ್ರಿಗೆ,

ಈ ಸಲನೂ ಪೆಟ್ಟಿಗಿ ಖಾಲಿ. ಮನ್ಯಾಗ ಎಲ್ಲಾರೂ ಆರಾಮ ಅದಾರಲ್ಲ? ಅಷ್ಟ ಒಂದು ಮಾತು ಬರೀರಿ. ಇವತ್ತ ಮೀನು ಕಳಿಸಿಲ್ಲ, ಬರೇ ಈ ಕಾಗದ.

ಗೋಪಮ್ಮ


ರಾಯಚೂರು
9 ಮಾರ್ಚ್ 2025

ಗೋಪಮ್ಮ,

ಏಳು ವಾರ ನಿಮಗೆ ಬರೆಯಲಿಲ್ಲ. ಪೆಟ್ಟಿಗೆ ಖಾಲಿ ಕಳಿಸುವಾಗ ಪ್ರತಿ ಸಲ ಒಂದು ಹಾಳೆ ತೆಗೆದುಕೊಂಡು ಕೂತೆ, ಒಳ್ಳೆಯ ಮಾತು ಬರಲಿಲ್ಲ, ಎದ್ದೆ. ಮನೆಯಲ್ಲಿ ಎಲ್ಲರೂ ಆರಾಮ. ಕೆಟ್ಟಿರುವುದು ನನ್ನ ನಾಲ್ಕನೇ ಅಧ್ಯಾಯ.

ನಿಮ್ಮ ಜನವರಿಯ ಕಾಗದವನ್ನು ಲ್ಯಾಬಿನಲ್ಲಿ ನಿಂತುಕೊಂಡೇ ಓದಿದೆ. ನೀವು ಕ್ಷಮೆ ಕೇಳಿದ ಆ ಇಪ್ಪತ್ತು ಒಣಕಲು ಮೀನುಗಳಿವೆಯಲ್ಲ, ನನಗೆ ಬೇಕಾದದ್ದು ಅಂಥವೇ. ಆರಿಸಿ ಕಳಿಸಿದ ನಲವತ್ತು ನನಗೆ ಉಪಯೋಗವಿಲ್ಲ. ಹೊಳೆಯಲ್ಲಿ ಎಂಥ ಮೀನು ಇವೆ ಎಂದು ನಾನು ಕೇಳುತ್ತಿದ್ದೆ. ಹೊಳೆಯಲ್ಲಿ ಅತಿ ಚಂದದ ಮೀನು ಯಾವುದು ಎಂದು ನೀವು ಉತ್ತರ ಕೊಡುತ್ತಿದ್ದಿರಿ.

ಮರುದಿನವೇ ಮಾನ್ವಿಗೆ ಹೋಗಿ ಮೀರಾಹುಸೇನರನ್ನು ಕೇಳಿದೆ, ನೀವು ಹೇಗೆ ಆರಿಸುತ್ತಿದ್ದಿರಿ ಎಂದು. ಅವರು ಸಂಕೋಚವಿಲ್ಲದೆ ಹೇಳಿದರು: “ನೋಡ್ರಿ ಮೇಡಂ, ದೊಡ್ಡದು ಗಿರಾಕಿ ಒಯ್ತಾರ. ನೀವು ಹ್ಯಾಂಗೂ ಕೊಯ್ದು ಶೀಸೆದಾಗ ಹಾಕೋರು. ಸಂಜಿಮುಂದ ಬುಟ್ಟಿ ತಳದಾಗ ಉಳಿದಿದ್ದು ಕೊಡ್ತಿದ್ದೆ. ಗಲತ್ ಆತೇನ್ರಿ?” ಒಂದು ಹೊಳೆಯಿಂದ ಪ್ರೀತಿ ಆರಿಸಿದ ಮೀನು, ಇನ್ನೊಂದರಿಂದ ವ್ಯಾಪಾರ ಬಿಟ್ಟ ಮೀನು. ನಡುವೆ ಇಪ್ಪತ್ತೆಂಟು ಪುಟ ಬರೆದು, ನೀರು ಮೀನಿನ ಮೈಯನ್ನು ತಿದ್ದುತ್ತದೆ ಎಂದು ಸಂತೋಷಪಟ್ಟವಳು ನಾನು. ವಂಶವಾಹಿಯ ಭಾಗ ಉಳಿಯುತ್ತದೆ, ಆರಿಸುವವರ ಕಣ್ಣಿಗೆ ಅದು ಕಾಣುವುದಿಲ್ಲ. ಮೈಯಳತೆಯ ಭಾಗ ಉಳಿಯುವುದಿಲ್ಲ.

ಮೊದಲು ನಿಮ್ಮ ಮೇಲೆ ಸಿಟ್ಟು ಬಂತು. ಮೊದಲು ಕೈಗೆ ಬಂದ ಹತ್ತು ಎಂದು ಬರೆದಿದ್ದೆನಲ್ಲ ಎಂದು. ಆಮೇಲೆ ಸಿಟ್ಟು ಎಲ್ಲಿ ನಿಲ್ಲಬೇಕೋ ಅಲ್ಲಿ ಬಂದು ನಿಂತಿತು. ಮೀನನ್ನು ಮಿಲಿಮೀಟರಿನಲ್ಲಿ ಅಳೆದ ನಾನು, ಅದು ಬಲೆಯಿಂದ ಪೆಟ್ಟಿಗೆಗೆ ಹೇಗೆ ಬರುತ್ತದೆ ಎಂದು ನೋಡಲು ಎರಡನೇ ಸಲ ಹೊಳೆಗೆ ಬರಲಿಲ್ಲ. ನಲವತ್ತರಲ್ಲಿ ಒಂದಕ್ಕೂ ರೆಕ್ಕೆ ಹರಿಯದೆ ಇದ್ದಾಗ ಅನುಮಾನಪಡುವುದು ಬಿಟ್ಟು ಮೆಚ್ಚಿಕೊಂಡೆ. ಮೆಚ್ಚಿಕೊಳ್ಳುವುದು ನನಗೆ ಅನುಕೂಲವಾಗಿತ್ತು.

ಇನ್ನೆರಡು ವಿಷಯ ನಿಮ್ಮಿಂದ ಮುಚ್ಚಿಟ್ಟಿದ್ದೆ. ಅವಸರವಿಲ್ಲ ಎಂದು ಬರೆದದ್ದು ಸುಳ್ಳು. ನನಗೆ ಕೊಟ್ಟಿರುವ ಕೊನೆಯ ಗಡುವು ಜೂನ್ 30. ಅಷ್ಟರಲ್ಲಿ ಪ್ರಬಂಧ ಕೊಡದಿದ್ದರೆ ಏಳು ವರ್ಷದ ಕೆಲಸ ರದ್ದಾಗುತ್ತದೆ. ವಿಜಯಲಕ್ಷ್ಮಿ ಮೇಡಂ ನನಗಿಂತ ಒಂಬತ್ತು ವರ್ಷ ಚಿಕ್ಕವರು. ಎಲ್ಲ ಕೇಳಿ ಅಂದರು: “ಹಿಂಗ ಕೊಟ್ರೂ ಪರೀಕ್ಷಕರಿಗೆ ಗೊತ್ತಾಗಂಗಿಲ್ಲ ಮೇಡಂ. ನನಗ ಗೊತ್ತಾಗ್ತದ, ನಿಮಗ ಗೊತ್ತಾಗ್ತದ. ಅಷ್ಟ.” ಮತ್ತೆ ಮೊದಲಿನಿಂದ ಮೀನು ಹಿಡಿಸುವುದು ಎಂದು ಗೊತ್ತು ಮಾಡಿಕೊಂಡು ಅವರ ರೂಮಿನಿಂದ ಹೊರಬಂದೆ. ಧೈರ್ಯದಿಂದ ಹಾಗೆ ಮಾಡಿದೆನೋ, ಸಿಕ್ಕಿಬೀಳುವ ಭಯದಿಂದಲೋ, ಈಗಲೂ ಸರಿಯಾಗಿ ಹೇಳಲಾರೆ.

ಎರಡನೆಯದು, ನಾನು ಮೀನು ತಿನ್ನುವುದಿಲ್ಲ. ನಮ್ಮದು ಲಿಂಗ ಕಟ್ಟಿಕೊಳ್ಳುವ ಮನೆ. ಬಾಳೆ ಎಲೆಯ ಮೀನನ್ನು ಪ್ರತಿ ಸಲ ನಮ್ಮ ಲ್ಯಾಬಿನ ಅಟೆಂಡರ್ ಅಸ್ಮತ್ ಮನೆಗೆ ಒಯ್ದರು. ಗರಿಗರಿ ಎಂಬುದು ಅವರ ಮಾತು. ನಿಮ್ಮ ಮನಸ್ಸು ನೋಯಬಾರದೆಂದು ಹಾಗೆ ಬರೆದೆ. ನೀವೂ ನನಗೆ ಒಳ್ಳೆಯದಾಗಲಿ ಎಂದೇ ಆರಿಸಿದಿರಿ. ಇದನ್ನು ಬರೆಯುವಾಗ ನಿಮ್ಮ ಮೇಲಿದ್ದ ಸಿಟ್ಟಿಗೆ ನನಗೇ ನಾಚಿಕೆಯಾಗುತ್ತಿದೆ.

ಇನ್ನು ನಲವತ್ತು ಗೆಂಡೆ, ಆರಿಸದೆ, ಮೇ ತಿಂಗಳ ಒಳಗೆ ಕೊಡುತ್ತೀರಾ? ಆಗುವುದಿಲ್ಲ ಎಂದರೂ ನಾನು ತಪ್ಪು ತಿಳಿಯುವುದಿಲ್ಲ.

ಅನುರಾಧಾ


ಜಾಲಹಳ್ಳಿ
18 ಮಾರ್ಚ್ 2025

ಅನುರಾಧಾ ಮೇಡಂಗ,

ನಿಮ್ಮ ಕಾಗದ ಮೂರು ಸಲ ಓದಿದೆ. ಈ ಸಲ ದಂಡಿ ಮ್ಯಾಲ ಯಾರಿಗೂ ಓದಿ ಹೇಳಲಿಲ್ಲ.

ಮೊದಲ ಸಲ ಓದಿದಾಗ ನನಗೂ ಸಿಟ್ಟ ಬಂತು. ಕೇಳಾಕ ಬಂದವ್ರಿಗೆ ಹರಕು ಮೀನು ಯಾರು ಕೊಡ್ತಾರ್ರಿ? ನೀವು ಮೊದಲು ಬಂದ ಹತ್ತು ಅಂತ ಬರದಿದ್ರಿ, ನಿಜ. ದೊಡ್ಡ ಮನಸಿನವ್ರು ಹಂಗ ಅಂತಾರ, ಏನ ಇದ್ರೂ ನಡೀತದ ಅಂತ. ಅದನ್ನ ಹಿಡಕೊಂಡು ಏನರೆ ಕೊಟ್ರ ನಮ್ಮದೇನು ಉಳೀತು ಅಂತ ನನ್ನ ವಿಚಾರ ಇತ್ತು. ಎರಡನೇ ಸಲ ಓದಿದಾಗ ಜೂನ್ ಮೂವತ್ತರ ಮಾತು ಕಣ್ಣಿಗೆ ಬಿತ್ತು. ಏಳು ವರ್ಷದ್ದು ನನ್ನ ಕೈಲೇ ಹಾಳಾತಲ್ಲ ಅಂತ ಅನಿಸ್ತು. ಮೂರನೇ ಸಲ ಆ ಅಸ್ಮತ್ ಮಾತಿಗೆ ನಗು ಬಂತು. ಆಕಿಗೆ ನನ್ನ ಸಲಾಮ ಹೇಳ್ರಿ. ನಾಲ್ಕು ತಿಂಗಳು ನಾ ನಿಮ್ಮ ಹೆಸರು ಹೇಳಿ ಆಕಿ ಮನಿಗೆ ಊಟ ಹಾಕೀನಿ.

ಮಾಡ್ತೀನಿ. ಆದ್ರ ಒಂದು ತ್ರಾಸ ಅದ, ನಿಮಗ ಹೇಳೇಬೇಕು. ನಿನ್ನೆ ಬುಟ್ಟಿ ತುಂಬಾ ಗೆಂಡಿ ಹಾಕ್ಕೊಂಡು ಕಣ್ಣ ಮುಚ್ಚಿ ಐದು ತಗದೆ. ಕಣ್ಣ ತಗದು ನೋಡಿದ್ರ ಐದೂ ದಪ್ಪ ದಪ್ಪ! ಮತ್ತ ಹಾಕಿ ಮತ್ತ ತಗದೆ. ಹಂಗ ಆತು. ಹಂಪಣ್ಣ ಅಂದ, “ಅತ್ತಿಗೆವ್ವ, ನಿನ್ನ ಬೆರಳಿಗೂ ಕಣ್ಣ ಅದಾವ.” ನಲವತ್ತು ವರ್ಷ ಆರಿಸಿದ ಕೈ ಇದು. ನಾ ಬ್ಯಾಡ ಅಂದ್ರೂ ಕೇಳವಲ್ದು. ಏನು ಮಾಡಲಿ?

ಗೋಪಮ್ಮ


ಜಾಲಹಳ್ಳಿ
6 ಏಪ್ರಿಲ್ 2025

ಅನುರಾಧಾ ಮೇಡಂಗ,

ನಿಮ್ಮ ಉತ್ತರ ಬರೂದ್ರಾಗ ನನಗ ಹಾದಿ ಸಿಕ್ತು. ಉತ್ತರಕ್ಕ ಕಾಯದೇ ಪೆಟ್ಟಿಗಿ ಕಳಿಸಾಕತ್ತೀನಿ.

ನಾವು ಐದು ಹರಿಗೋಲಿನವ್ರು ಕೂಡಿ ದೊಡ್ಡ ಬಲಿ ಎಳದಾಗ ಪಾಲು ಹಾಕೋ ರೀತಿ ಒಂದದ. ಮೀನು ಐದು ಗುಡ್ಡಿ ಮಾಡ್ತೀವಿ. ಒಬ್ಬರು ಗುಡ್ಡಿಗೆ ಬೆನ್ನ ಮಾಡಿ ಕೂಡಬೇಕು. ಇನ್ನೊಬ್ಬರು ಒಂದು ಗುಡ್ಡಿ ಮ್ಯಾಲ ಕೈ ಇಟ್ಟು, “ಇದು ಯಾರ ಪಾಲು?” ಅಂತ ಕೇಳ್ತಾರ. ಬೆನ್ನ ಮಾಡಿದವ್ರು ಒಂದು ಹೆಸರು ಹೇಳ್ತಾರ. ಆ ಗುಡ್ಡಿ ಅವ್ರದು. ಮುಗೀತು. ಅದರ ಮ್ಯಾಲ ಮಾತಿಲ್ಲ. ನಮ್ಮತ್ತಿ ಕಾಲದಿಂದ ಇದರಾಗ ಜಗಳ ಆಗಿದ್ದು ನಾ ನೋಡಿಲ್ಲ. ಉಳಿದಿದ್ದಕ್ಕೆಲ್ಲ ಆಗ್ಯಾವ.

ಇವತ್ತ ಗೆಂಡಿ ಬ್ಯಾರೆ ಮಾಡಿ ಆರು ಗುಡ್ಡಿ ಹಾಕಿಸಿದೆ. ಆರನೇದು ಮೇಡಂ ಪಾಲು. ದುರುಗಮ್ಮ ಎದ್ದು ನಿಂತಳು. “ಏನ ಬೇ, ಬಲಿ ಎಳಿಯಾಕ ಬಂದಿದ್ದಳೇನು ಆಕಿ, ಪಾಲು ಕೇಳಾಕ?” ಅಂದಳು. “ಓದಾಕ ಬೇಕಂತ” ಅಂದೆ. “ಓದಲಿ. ಒಂದಿನ ಬಂದು ಹಗ್ಗ ಹಿಡೀಲಿ, ಆಮ್ಯಾಲ ಓದಲಿ” ಅಂದಳು. ಬರ್ತಾರ ಅಂತ ನಾ ಮಾತು ಕೊಟ್ಟೀನಿ. ಬರಬೇಕು ನೀವು.

ಹಂಪಣ್ಣ ಬೆನ್ನ ಮಾಡಿ ಕುಂತಿದ್ದ. ಮೂರನೇ ಗುಡ್ಡಿಗೆ “ಮೇಡಂದು” ಅಂದು ತಾನ ನಕ್ಕ. ಹತ್ತು ಮೀನು ಅದಾವ. ದೊಡ್ಡವು ನಾಲ್ಕು, ಸಣ್ಣವು ಆರು. ನನ್ನ ಕೈ ಹತ್ತಿಲ್ಲ, ಐಸ್ ಹಾಕಾಕ ಅಷ್ಟ.

ಗೋಪಮ್ಮ


ರಾಯಚೂರು
4 ಮೇ 2025

ಅಕ್ಕಾ,

ನಿಮ್ಮ ಹೊಳೆಯಿಂದ ಬಂದು ವಾರವಾಯಿತು, ಅಂಗೈ ಇನ್ನೂ ಉರಿಯುತ್ತಿದೆ. ಹಲಗೆಯ ಮೇಲೆ ಚಾಕ್ ಹಿಡಿಯಲು ಆಗದೆ ಎರಡು ದಿನ ಬಾಯಿಂದಲೇ ಪಾಠ ಮಾಡಿದೆ. ದುರುಗಮ್ಮ ನನ್ನ ಹಿಂದೆ ನಿಂತು, “ಎಳೀರಿ ಮೇಡಂ, ಅದು ಹಗ್ಗ, ಹಾವಲ್ಲ” ಎಂದದ್ದನ್ನು ಮನೆಯಲ್ಲಿ ಹೇಳಿದಾಗ, ಯಾವುದಕ್ಕೂ ನಗದ ನಮ್ಮ ಅತ್ತೆ ನಕ್ಕರು. ಆ ದಿನ ನನಗಾಗಿ ಬೇರೆ ಒಲೆ ಹೂಡಿ ಪುಂಡಿಪಲ್ಯ ಮಾಡಿದ್ದಿರಿ. ಅದನ್ನು ಎರಡನೇ ಸಲ ಬಡಿಸಿಕೊಂಡು ಉಂಡೆ.

ನಿಮ್ಮ ಪಾಲು ಹಾಕುವ ರೀತಿಯನ್ನು ವಿಜಯಲಕ್ಷ್ಮಿ ಮೇಡಂಗೆ ವಿವರಿಸಿದೆ. ಅವರು ಎರಡು ಸಲ ಹೇಳಿಸಿ ಕೇಳಿದರು. ಆರಿಸುವವರಿಗೆ ಕಾಣಬಾರದು, ನೋಡುವವರು ಆರಿಸಬಾರದು, ಇದಕ್ಕಿಂತ ಏನು ಬೇಕು ಎಂದರು. ಪ್ರಬಂಧದಲ್ಲಿ ಎರಡು ಪುಟ ಅದಕ್ಕೇ ಇಟ್ಟಿದ್ದೇನೆ, ನಿಮ್ಮೆಲ್ಲರ ಹೆಸರಿನ ಜೊತೆ. ಮಾನ್ವಿಯಲ್ಲೂ ಅದನ್ನೇ ಮಾಡಿಸಿದೆ. ಮೀರಾಹುಸೇನರು ಅಂಗಡಿಗೆ ಬೆನ್ನು ಮಾಡಿ ಕೂತರೆ, ಬಂದ ಗಿರಾಕಿಗಳು “ಯಾಕ್ರಿ ಸಾಹೇಬ್ರ, ಮೀನಿನ ಕೂಡ ಮಾತು ಬಿಟ್ಟೀರೇನು?” ಎಂದರು.

ಈಗ ಲೆಕ್ಕ ಇಲ್ಲಿಗೆ ಬಂದು ನಿಂತಿದೆ. ಮಾನ್ವಿಯ ನಲವತ್ತು ಮುಗಿದಿದೆ, ನಿಮ್ಮಿಂದ ಮೂರು ಸಲದ ಪಾಲು ಸೇರಿ ಮೂವತ್ತೊಂದು ಬಂದಿವೆ. ಹನ್ನೆರಡಕ್ಕೆ ರೆಕ್ಕೆ ಹರಿದಿದೆ. ಮೊದಲು ನನಗೆ ಕಂಡಿದ್ದ ವ್ಯತ್ಯಾಸದಲ್ಲಿ ಮುಕ್ಕಾಲು ಪಾಲು ಕರಗಿಹೋಗಿದೆ. ಇನ್ನೂ ಒಂದು ಚೂರು ಉಳಿದಿದೆ, ನಿಮ್ಮ ಹೊಳೆಯ ಮೀನು ಕೂದಲೆಳೆಯಷ್ಟು ಅಗಲ. ಕೊನೆಯ ಪೆಟ್ಟಿಗೆಯ ಮೀನು ಅಗಲ ಇದ್ದರೆ ಆ ಚೂರು ನಿಲ್ಲುತ್ತದೆ. ಕಿರಿದಾಗಿದ್ದರೆ, ವ್ಯತ್ಯಾಸವೇನೂ ಕಾಣಲಿಲ್ಲ ಎಂದು ಬರೆದು ಅಧ್ಯಾಯ ಮುಗಿಸಬೇಕು. ಹೇಗಿದ್ದರೂ ಜೂನಿನಲ್ಲಿ ಪ್ರಬಂಧ ಕೊಡುತ್ತೇನೆ. ಇಪ್ಪತ್ತೆಂಟು ಪುಟದ ಜಾಗದಲ್ಲಿ ಒಂಬತ್ತು ಪುಟ ಇರುತ್ತದೆ.

ಆ ಚೂರು ನಿಲ್ಲಲಿ ಎಂದು ನನಗೆ ಆಸೆಯಿದೆ. ಏಳು ವರ್ಷಕ್ಕೆ ಅಷ್ಟಾದರೂ ಇರಲಿ ಎಂದು. ಇದನ್ನು ನಿಮಗೆ ಬರೆಯಬಾರದು, ಅದು ನನಗೆ ಗೊತ್ತು. ಈ ಹಾಳೆಯನ್ನು ಹರಿದು ಬೇರೆ ಬರೆಯೋಣವೆಂದುಕೊಂಡೆ. ಆದರೆ ಇನ್ನು ನಿಮ್ಮಿಂದ ಏನನ್ನೂ ಮುಚ್ಚಿಡುವುದಿಲ್ಲ ಎಂದು ಮಾರ್ಚಿನಲ್ಲೇ ನನಗೆ ನಾನು ಹೇಳಿಕೊಂಡಿದ್ದೆ. ಓದಿ ಮರೆತುಬಿಡಿ ಅಕ್ಕಾ. ಪಾಲು ಹಾಕುವ ದಿನ ಇದನ್ನು ನೆನೆಸಬೇಡಿ.

ನಿಮ್ಮ ತಂಗಿ
ಅನುರಾಧಾ


ಜಾಲಹಳ್ಳಿ
18 ಮೇ 2025

ತಂಗಿ ಅನುರಾಧಾಗ,

ಮರೀರಿ ಅಂತ ಬರದ್ರ ಮರಿಯಾಕ ಆಗ್ತದೇನು? ಹದಿನೈದು ದಿನ ಅದ ತಲ್ಯಾಗ ಇತ್ತು. ನೀರಾಗ ಕಾಲಿಟ್ಟಾಗೆಲ್ಲ ನೆಪ್ಪ ಆಗ್ತಿತ್ತು.

ಇವತ್ತ ಬಲಿ ಎಳದ್ವಿ. ಗೆಂಡಿ ಚಲೋ ಬಿದ್ದಿದ್ದುವು. ಆರು ಗುಡ್ಡಿ ಆದುವು. ಐದನೇ ಗುಡ್ಡಿ ನೋಡಿದ್ರ ಕಣ್ಣ ತುಂಬತಿತ್ತು, ಒಂದೊಂದು ಅಂಗೈ ಅಗಲ. ಆರನೇದು ಕೊನಿಗೆ ಬುಟ್ಟಿ ತಳ ಬಳದಿದ್ದು. ಹಂಪಣ್ಣ ಬೆನ್ನ ಮಾಡಿ ಕುಂತ. ದುರುಗಮ್ಮ ಕೈ ಇಟ್ಟು ಕೇಳಾಕತ್ತಳು. ಐದನೇದಕ್ಕ ಕೈ ಇಟ್ಟಳು. ಹಂಪಣ್ಣ “ದುರುಗಮ್ಮಂದು” ಅಂದ. ಉಳಿದದ್ದು ಆರನೇದು, ಉಳಿದ ಹೆಸರು ನಿಮ್ಮದು.

ಒಂಬತ್ತು ಮೀನು. ಅದರಾಗ ನಾಲ್ಕು ಮೀನು ಬೆರಳಿನಷ್ಟ ಕಿರಿದು. ಎರಡಕ್ಕ ಪೊರಿ ಕಿತ್ತಾವ. ಒಂದಕ್ಕ ಬಾಲ ಅರ್ಧ ಇಲ್ಲ, ಏನ ಕಡದದೋ.

ಎಲ್ಲಾರೂ ನನ್ನ ಮಾರಿ ನೋಡಿದ್ರು. ಆಮ್ಯಾಲ ದುರುಗಮ್ಮ, ಹೌದು ತಂಗಿ, ಆ ಜಗಳಗಂಟಿ ದುರುಗಮ್ಮ ತನ್ನ ಗುಡ್ಡಿ ನನ್ನ ಕಡೆ ಸರಿಸಿದಳು. “ತಗೋ ಗೋಪವ್ವ. ಹಗ್ಗ ಎಳದು ಕೈ ಸುಲಕೊಂಡು ಹೋಗ್ಯಾಳ ಪಾಪ. ಆಕಿದು ನನಗ ಇರಲಿ, ನಂದು ಆಕಿಗೆ ಹಾಕು. ನಾವೇನು ಹೇಳಂಗಿಲ್ಲ” ಅಂದಳು. ಹಂಪಣ್ಣನೂ ಇನ್ನೂ ಬೆನ್ನ ಮಾಡೇ ಕುಂತು, “ನಾ ಏನೂ ನೋಡಿಲ್ಲಪಾ” ಅಂದ.

ನನ್ನ ಕೈ ಮುಂದ ಹೋತು. ಸುಳ್ಳ ಹೇಳಂಗಿಲ್ಲ, ಮೀನಿಗೆ ಬೆರಳ ಹತ್ತಿದುವು. ದುರುಗಮ್ಮನ ಮೀನು ತಣ್ಣಗ, ದಪ್ಪಗ ಇದ್ದುವು. ನಿಮ್ಮ ಆಸೆ ನೆಪ್ಪ ಆತು. ನಮ್ಮ ಹೊಳಿ ಹೆಸರೂ ನೆಪ್ಪ ಆತು. ಅಗಲ ಅಂತ ನಾನ ಊರಿಗೆಲ್ಲ ಹೇಳಿದ್ದೆ. ಈ ಒಂಬತ್ತು ಕಳಿಸಿದ್ರ ಎರಡೂ ಹೋಗ್ತಾವ ಅಂತ ಗೊತ್ತಿತ್ತು.

ಕೈ ಹಿಂದ ತಗೊಂಡೆ. “ಬ್ಯಾಡ ದುರುಗಿ, ಆಕಿ ಪಾಲಿಗೆ ಬಂದದ್ದು ಇದ. ಇದ ಹೋಗಲಿ” ಅಂದೆ.

ಒಂಬತ್ತೂ ಪೆಟ್ಟಿಗ್ಯಾಗ ಅದಾವ ತಂಗಿ. ಬಾಲ ಹೋದದ್ದು ಎಲ್ಲಾದರ ಮ್ಯಾಲ ಇಟ್ಟೀನಿ. ಮೊದಲ ಅದನ್ನ ಅಳೀರಿ.

ನಿಮ್ಮ ಅಕ್ಕ
ಗೋಪಮ್ಮ